ಅವಲಕ್ಕಿ ತಟ್ಟೆ ಮತ್ತು ಅಜ್ಜಿಯ ಹೆಸರು

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ತಟ್ಟೆಯ ವಿಷಯ ಹೇಳುತ್ತೇನೆ. ನೆನೆಸಿದ ಅವಲಕ್ಕಿ, ಸಿಹಿ, ಕಾಯಿತುರಿ, ಏಲಕ್ಕಿ. ಸುತ್ತ ಬಾಳೆಹಣ್ಣು, ಖರ್ಜೂರ, ಇನ್ನೊಂದಿಷ್ಟು ಹಣ್ಣು. ಕೇಳಿದರೆ ನಮ್ಮ ಮನೆಯ ಕೃಷ್ಣಾಷ್ಟಮಿ ನೆನಪಾಗುತ್ತೆ ಅಲ್ವಾ? ಆದರೆ ಇದು ಯಹೂದಿಗಳ ತಟ್ಟೆ. ಹೆಸರು ಮಲೀದಾ. ಮದುವೆ, ಮಗುವಿನ ನಾಮಕರಣ, ಹೊಸ ಮನೆ, ತೀರಿಸಬೇಕಾದ ಹರಕೆ, ಯಾವುದೇ ಇರಲಿ, ಈ ತಟ್ಟೆಯ ಸುತ್ತ ಎಲ್ಲರೂ ಕೂತು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಹಾಡುತ್ತಾರೆ. ಹಾಡು ಹೀಬ್ರೂ ಭಾಷೆಯದು. ಹಾಡುವವರ ಮನೆಮಾತು ಮರಾಠಿ.

ಇವರು ಕೊಂಕಣ ತೀರದ ಬೆನೆ ಇಸ್ರೇಲಿಗಳು. ಇಂದಿನ ಮಾತೆಲ್ಲ ಇವರದೇ. ಕೈಯಲ್ಲಿ ಪುಸ್ತಕವೇ ಇಲ್ಲದ ಒಂದು ಸಮುದಾಯ ತಾನು ಯಾರು ಅನ್ನೋದನ್ನ ನೂರಾರು ವರ್ಷ ಹೇಗೆ ಕಲಿತು, ಹೇಗೆ ಕಲಿಸಿತು ಅನ್ನುವುದು ನನ್ನನ್ನು ತುಂಬಾ ದಿನದಿಂದ ಹಿಡಿದಿಟ್ಟಿರುವ ಪ್ರಶ್ನೆ.

ಅವರ ಮನೆಗಳಲ್ಲಿ ಹೇಳುವ ಕಥೆ ಇದು. ತುಂಬಾ ಹಿಂದೆ ಅಲಿಬಾಗ್ ಹತ್ತಿರದ ನವಗಾಂವ್ ಬಳಿ ಒಂದು ಹಡಗು ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ಮಾತ್ರ ಈಜಿ ದಡ ಸೇರಿದರು. ಸತ್ತವರನ್ನು ಅಲ್ಲೇ ಹೂಳಿದರು. ಧರ್ಮಗ್ರಂಥಗಳೆಲ್ಲ ನೀರುಪಾಲಾದವು. ಉಳಿದವರ ಮಕ್ಕಳು ಹಳ್ಳಿಗಳಲ್ಲಿ ನೆಲೆಸಿ ಗಾಣ ಹಾಕಿ ಎಣ್ಣೆ ತೆಗೆದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು, ಅಂದರೆ ಶನಿವಾರ ಕೆಲಸ ಮಾಡದ ಗಾಣಿಗರು. ಯಹೂದಿಗಳು ಶನಿವಾರ ಪಾಲಿಸುವ ವಿಶ್ರಾಂತಿಯ ದಿನವೇ ಸಬ್ಬತ್ತು. ಅದರ ಬಗ್ಗೆ ಬರೆದ ಒಂದು ಸಾಲೂ ಅವರ ಬಳಿ ಇರಲಿಲ್ಲ. ನಿಂತ ಗಾಣವನ್ನು ನೋಡಿಯೇ ಮಗು ಅದನ್ನು ಕಲಿಯಿತು.

ಇನ್ನೊಂದು ಕಥೆ ನನಗೆ ಇದಕ್ಕಿಂತ ಇಷ್ಟ. ಡೇವಿಡ್ ರಹಾಬಿ ಎಂಬ ಯಹೂದಿ ಹೊರಗಿನಿಂದ ಬಂದನಂತೆ. ಇವರು ನಿಜವಾಗಿ ಯಹೂದಿಗಳೇ ಅಂತ ನೋಡಬೇಕಿತ್ತು. ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟು ಅಡುಗೆ ಮಾಡಿ ಅಂದ. ಅವರು ರೆಕ್ಕೆಯೂ ಪರೆಯೂ ಇರುವ ಮೀನುಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಪಕ್ಕಕ್ಕೆ ತೆಗೆದಿಟ್ಟರು. ಬೈಬಲಿನ ನಿಯಮ ಅದೇ. ಅವನಿಗೆ ಅಷ್ಟೇ ಸಾಕಾಯಿತು. ಇದು ನಡೆದದ್ದು ಯಾವಾಗ ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ಮಾಡಲಿ. ಪರೀಕ್ಷೆ ನಡೆದದ್ದು ಅಡುಗೆಮನೆಯಲ್ಲಿ, ಪಾಸಾದವರು ಹೆಂಗಸರು. ಒಂದು ಸಮುದಾಯ ಇಂಥ ಕಥೆಯನ್ನು ಕಾಪಾಡಿಕೊಂಡು ಬಂದಿದೆ ಅನ್ನೋದೇ ನನಗೆ ದೊಡ್ಡದು.

ಇನ್ನು ಅಡ್ಡಹೆಸರು. ಪೇಣ್ ಊರಿನವರು ಪೇಣಕರ್, ರಾಜಪುರಿಯವರು ರಾಜಪುರಕರ್, ದಿವೆಯವರು ದಿವೇಕರ್. ಬೆಳಗಾವಿ, ಕಾರವಾರದ ಕಡೆಯವರಿಗೆ ಈ ‘ಕರ್’ ಹೊಸದೇನಲ್ಲ. ಮುಂಬೈಗೆ ಹೋಗಿ ನಾಲ್ಕು ತಲೆಮಾರು ಕಳೆದರೂ ಹೆಸರು ಹೇಳಿದ ಕೂಡಲೇ ಮೂಲ ಹಳ್ಳಿ ಗೊತ್ತಾಗುತ್ತಿತ್ತು.

ದಿವೇಕರ್ ಅಂದಾಗ ನಮ್ಮ ನಾಡಿಗೂ ಒಂದು ನಂಟು ಬರುತ್ತದೆ. ಸ್ಯಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ. ಊರಿನ ಬಾಯಲ್ಲಿ ಸಾಮಾಜಿ ಹಸಾಜಿ. ಮೈಸೂರಿನ ಮೇಲಿನ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ನೀವು ಯಾವ ಜನ ಅಂತ ಕೇಳಿದಾಗ ‘ಬೆನೆ ಇಸ್ರೇಲ್’ ಎಂದನಂತೆ. ಟಿಪ್ಪುವಿನ ತಾಯಿ ಅದನ್ನು ಕೇಳಿ, ಕುರಾನಿನಲ್ಲಿ ಬರುವ ಜನ ಇವರು, ಕೊಲ್ಲಬೇಡ ಅಂದಳಂತೆ. ಇದಿಷ್ಟು ಮನೆಮಾತು. ಮುಂದಿನದಕ್ಕೆ ಮಾತ್ರ ಕಲ್ಲಿನ ಸಾಕ್ಷಿ ಇದೆ. ಬದುಕಿ ಬಂದ ದಿವೇಕರ್ 1796ರಲ್ಲಿ ಮುಂಬೈನಲ್ಲಿ ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಕಟ್ಟಿಸಿದ. ಹೆಸರು ‘ಶಾರ್ ಹರಹಮೀಮ್’, ಕರುಣೆಯ ಬಾಗಿಲು. ಆ ಬೀದಿ ಇಂದಿಗೂ ಸ್ಯಾಮ್ಯುಯೆಲ್ ಸ್ಟ್ರೀಟ್. ಜನ ಸಿನಗಾಗ್ ಅನ್ನು ‘ಜುನಿ ಮಸೀದಿ’, ಅಂದರೆ ಹಳೇ ಮಸೀದಿ, ಅನ್ನುತ್ತಿದ್ದರು. ಪಕ್ಕದ ಮಸ್ಜಿದ್ ರೈಲು ನಿಲ್ದಾಣಕ್ಕೂ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿ ತರಲು ಕೊಚ್ಚಿಗೆ ಹೋದ ದಿವೇಕರ್ ಅಲ್ಲೇ ತೀರಿಕೊಂಡ.

ಹತ್ತೊಂಬತ್ತನೇ ಶತಮಾನದಲ್ಲಿ ಪುಸ್ತಕಗಳು ಬಂದವು. ಕೊಚ್ಚಿಯ ಯಹೂದಿ ಮೇಷ್ಟ್ರುಗಳು ಬಂದರು, ಕ್ರೈಸ್ತ ಮಿಷನರಿಗಳು ಹೀಬ್ರೂ ಕಲಿಸಿದರು. ಜೋಸೆಫ್ ಎಝಕಿಯೆಲ್ ರಾಜಪುರಕರ್ ಪ್ರಾರ್ಥನೆಗಳನ್ನು ಮರಾಠಿಗೆ ತಂದರು. ಹಾಯಿಮ್ ಸ್ಯಾಮ್ಯುಯೆಲ್ ಕೆಹಿಮಕರ್ 1875ರಲ್ಲಿ ಮುಂಬೈನಲ್ಲಿ ಶಾಲೆ ಶುರುಮಾಡಿದರು, ಸಮುದಾಯದ ಚರಿತ್ರೆಯನ್ನೂ ಬರೆದರು. ಅದು ಅಚ್ಚಾದದ್ದು 1937ರಲ್ಲಿ, ಅವರು ಹೋದ ಎಷ್ಟೋ ವರ್ಷಗಳ ಮೇಲೆ.

ಅದೇ ಕಾಲದಲ್ಲಿ ಶಾಲೆಯ ಹೊರಗೆ ನಡೆದದ್ದು ಇನ್ನೂ ಚೆಂದ. ಅವರು ಕೀರ್ತನೆ ಕಟ್ಟಿದರು. ನಮ್ಮ ಹರಿಕಥೆಯ ಅಣ್ಣತಮ್ಮ ಅನ್ನಬಹುದಾದ ಅದೇ ಮರಾಠಿ ಕೀರ್ತನೆ. ಕೀರ್ತನಕಾರ ನಿಲ್ಲುತ್ತಾನೆ, ಒಂದಷ್ಟು ಹಾಡು, ಒಂದಷ್ಟು ಮಾತು, ನಡುವೆ ಓವಿ, ಸಾಕಿ, ದಿಂಡಿ ಎಂಬ ಮರಾಠಿ ಪದ್ಯಗಳು. ಕಥೆ ಮಾತ್ರ ಅಬ್ರಹಾಮನದು, ಯೋಸೇಫನದು, ಮೋಶೆಯದು. ಹೀಬ್ರೂ ಬಾರದ ಅಜ್ಜಿಗೆ ಐಗುಪ್ತದಿಂದ ಹೊರಟ ಜನರ ಕಥೆ ಮುಟ್ಟಿದ್ದು ಹೀಗೆ. ಪಕ್ಕದ ಮನೆಯಲ್ಲಿ ಅವಳು ಕೇಳುತ್ತಾ ಬೆಳೆದ ಮಟ್ಟುಗಳೇ ಅವು. ಬೇರೆಯವರ ಮಟ್ಟು ತೆಗೆದುಕೊಂಡರೆ ತಮ್ಮತನ ಹೋಗುತ್ತದೆ ಎಂದು ಅವರು ಹೆದರಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ನಂತರ ಬಹಳಷ್ಟು ಜನ ಅಲ್ಲಿಗೆ ಹೊರಟರು. ಅಲ್ಲಿ ಕಾದಿದ್ದು ಬೇರೆಯೇ. 1962ರಲ್ಲಿ ಅಲ್ಲಿನ ಮುಖ್ಯ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಕಚೇರಿ ಒಂದು ಸೂಚನೆ ಕೊಟ್ಟಿತು. ಬೆನೆ ಇಸ್ರೇಲಿಗಳು ಬೇರೆ ಯಹೂದಿಗಳನ್ನು ಮದುವೆಯಾಗುವ ಮೊದಲು ಅವರ ತಾಯಿ, ಅಜ್ಜಿ, ಅದಕ್ಕೂ ಹಿಂದಿನವರು ಯಾರು ಅಂತ ವಿಚಾರಿಸಬೇಕು ಎಂದು. ಯೋಚನೆ ಮಾಡಿ. ಅಜ್ಜಿಯ ಅಡುಗೆಮನೆಯಿಂದಲೇ ಧರ್ಮ ಕಲಿತವರಿಗೆ ಆ ಅಜ್ಜಿಯ ಮೇಲೇ ಅನುಮಾನ! ಅವರು ಸುಮ್ನೆ ಕೂರಲಿಲ್ಲ. ಬೀದಿಗಿಳಿದರು, ಧರಣಿ ಕೂತರು. 1964ರಲ್ಲಿ ಸರ್ಕಾರ ಒಪ್ಪಿತು: ಇವರು ಎಲ್ಲ ರೀತಿಯಲ್ಲೂ ಯಹೂದಿಗಳು, ಉಳಿದವರಿಗೆ ಸಮಾನರು.

ಮನೆಯ ಚರಿತ್ರೆ ಅಂದರೆ ಹಳೇ ಫೋಟೋ ನೋಡಿ ಖುಷಿಪಡುವುದು ಅಂತ ನಾವು ಅಂದುಕೊಳ್ಳುತ್ತೇವೆ. ಇವರಿಗೆ ಅದು ಮದುವೆಯ ಪ್ರಶ್ನೆಯಾಗಿತ್ತು, ಮಾನದ ಪ್ರಶ್ನೆಯಾಗಿತ್ತು. ಅದಕ್ಕೇ ಹೇಳುತ್ತೇನೆ, ತಟ್ಟೆ, ಹಾಡು, ಅಡ್ಡಹೆಸರಿನಿಂದ ಕಲಿಯುವುದು ಪುಸ್ತಕದ ಕಲಿಕೆಗಿಂತ ಕಡಿಮೆ ದರ್ಜೆಯದಲ್ಲ.

ಚಿತ್ರಕಲೆಯ ಬಗ್ಗೆ ಒಂದೇ ಮಾತು. ಮುಂಬೈನಲ್ಲಿ ಬೆಳೆದು ಈಗ ಅಮೆರಿಕದಲ್ಲಿರುವ ಕಲಾವಿದೆ ಸಿಯೋನಾ ಬೆಂಜಮಿನ್ ಇದೇ ಸಮುದಾಯದವರು. ಅವರ ಚಿತ್ರಗಳಲ್ಲಿ ಬೈಬಲಿನ ಹೆಂಗಸರ ಮೈ ನೀಲಿ. ಕೃಷ್ಣನ ನೀಲಿ, ಕಡಲಿನ ನೀಲಿ. ಮುಂದೆ ಅವರು ಭಾರತಕ್ಕೆ ಬಂದು ತಮ್ಮ ಸಮುದಾಯದವರ ಫೋಟೋ ತೆಗೆದರು, ಅವರ ಕಥೆ ಕೇಳಿಸಿಕೊಂಡರು, ಆ ಮುಖಗಳ ಸುತ್ತ ಆ ಕಥೆಗಳನ್ನೇ ಬಣ್ಣದಲ್ಲಿ ಬಿಡಿಸಿದರು. ಮೊದಲು ಕಥೆ ಕೇಳಿ ಆಮೇಲೆ ಕುಂಚ ಹಿಡಿದದ್ದು ನನಗೆ ತುಂಬಾ ಹಿಡಿಸಿತು.

ಇವತ್ತು ಭಾರತದಲ್ಲಿ ಉಳಿದಿರುವ ಬೆನೆ ಇಸ್ರೇಲಿಗಳು ಕೆಲವೇ ಸಾವಿರ. ಜಾಸ್ತಿ ಜನ ಇಸ್ರೇಲಿನಲ್ಲಿದ್ದಾರೆ. ಅಲ್ಲಿ ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆ ತಂದರು. ಮಲೀದಾ ತಟ್ಟೆಗೆ ಅಲ್ಲಿಯೂ ಅವಲಕ್ಕಿಯೇ ಬೇಕು.

ಅಲಿಬಾಗ್ ಹತ್ತಿರ ಖಂಡಾಲೆ ಅಂತ ಒಂದು ಹಳ್ಳಿಯಿದೆ. ಘಟ್ಟದ ಮೇಲಿನ ಖಂಡಾಲಾ ಅಲ್ಲ. ಅಲ್ಲಿ ಒಂದು ಬಂಡೆಯ ಮೇಲೆ ಗೆರೆಯಂಥ ಗುರುತಿದೆ. ಪ್ರವಾದಿ ಎಲಿಯಾಹು ಬೆಂಕಿಯ ರಥದಲ್ಲಿ ಸ್ವರ್ಗಕ್ಕೆ ಹೋಗುವಾಗ ಇಲ್ಲಿ ಇಳಿದಿದ್ದ, ಅದು ರಥದ ಗಾಲಿಯ ಗುರುತು ಎಂದು ನಂಬುತ್ತಾರೆ. ಎಲಿಯಾಹುವಿನ ದೇಶದಲ್ಲೇ ಈಗ ಮನೆ ಮಾಡಿಕೊಂಡಿರುವ ಮೊಮ್ಮಕ್ಕಳು, ಅವನ ಗಾಲಿಯ ಗುರುತು ನೋಡಲು ಕೊಂಕಣದ ಈ ಹಳ್ಳಿಗೆ ಬರುತ್ತಾರೆ. ಬಂದು, ಬಂಡೆಯ ಹತ್ತಿರ ನಿಂತು ಹಾಡುತ್ತಾರೆ.