ಹಿಂಬದಿಗೆ ಹೋಗಿ ನೋಡಿ

ಅಧ್ಯಕ್ಷರೇ, ನಿವೃತ್ತ ಶಿಕ್ಷಕ ಮಿತ್ರರೇ,

ಮುಂದಿನ ವಾರ ನೀವು ನಲವತ್ತು ಜನ ಮಡಿಕೇರಿಯಿಂದ ರಾಜಸ್ಥಾನಕ್ಕೆ ಹೊರಟಿದ್ದೀರಿ. ಹೋಗಿ ಬಂದವನೆಂದು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದೀರಿ. ಮೇಷ್ಟರ ಕೈಗೆ ಮೈಕ್ ಕೊಡುವ ಮೊದಲು ಯೋಚಿಸಬೇಕಿತ್ತು.

ಜೈಪುರದ ಹವಾ ಮಹಲಿನ ಎದುರು ನಮ್ಮ ಬಸ್ ನಿಂತದ್ದು ಹತ್ತೇ ನಿಮಿಷ. ಎಲ್ಲರೂ ರಸ್ತೆಯ ಆಚೆ ಬದಿಗೆ ಓಡಿ ಫೋಟೊ ತೆಗೆಸಿಕೊಂಡರು. 1799ರಲ್ಲಿ ಸವಾಯಿ ಪ್ರತಾಪ ಸಿಂಗ್ ಕಟ್ಟಿಸಿದ್ದು, 953 ಕಿಟಕಿಗಳಿವೆ ಎಂದು ಗೈಡ್ ಒಂದೇ ಉಸಿರಿಗೆ ಒಪ್ಪಿಸಿದ. ನನ್ನ ಹೆಂಡತಿ ಕೇಳಿದಳು: “ಇದಕ್ಕೆ ಬಾಗಿಲೆಲ್ಲಿ?” ನೋಡುತ್ತೇನೆ, ಅಷ್ಟು ಕಿಟಕಿಗಳ ನಡುವೆ ಒಂದೂ ಬಾಗಿಲಿಲ್ಲ! ಹೊತ್ತಾಯಿತು ಎಂದ ಗೈಡ್. ಇವಳು ಕೇಳಬೇಕಲ್ಲ. ಇಬ್ಬರೂ ಸುತ್ತು ಹಾಕಿ ಹಿಂಬದಿಯಿಂದ ಒಳಗೆ ಹೋದೆವು. ಅಲ್ಲಿ ವಿಶಾಲವಾದ ಅಂಗಳ. ಮೇಲೇರಲು ಮೆಟ್ಟಿಲುಗಳ ಬದಲು ಇಳಿಜಾರು ದಾರಿ. ನನ್ನ ಮಂಡಿಗಳು ಆ ರಾಜನಿಗೆ ಕೈ ಮುಗಿದವು. ರಸ್ತೆಯಿಂದ ಬೆಟ್ಟದಂತೆ ಕಾಣುವ ಐದು ಅಂತಸ್ತಿನ ಕಟ್ಟಡ ಮೇಲೆ ಹೋದಂತೆ ಒಂದೇ ಕೋಣೆಯಷ್ಟು ಅಗಲ. ಜಾಲಂದ್ರಕ್ಕೆ ಕಣ್ಣಿಟ್ಟರೆ ಕೆಳಗೆ ನಮ್ಮದೇ ಗುಂಪು, ಬಸ್ಸಿನ ಬಳಿ ನಮ್ಮನ್ನು ಬೈಯುತ್ತಾ ನಿಂತಿದೆ. ನಾವು ಅವರಿಗೆ ಕಾಣಿಸುತ್ತಿಲ್ಲ. ರಾಣಿವಾಸದವರು ಮೆರವಣಿಗೆ ನೋಡುತ್ತಿದ್ದದ್ದೂ ಹೀಗೆಯೇ. ಆದ್ದರಿಂದ ಹೇಳುತ್ತೇನೆ, ಹಿಂಬದಿಗೆ ಹೋಗಿ.

ದೂರದ ಮಾತೇಕೆ? ನಮ್ಮ ಓಂಕಾರೇಶ್ವರವನ್ನೇ ತೆಗೆದುಕೊಳ್ಳಿ. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಶಿವಾಲಯ. ನೆತ್ತಿಯ ಮೇಲೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರು. ಅರ್ಧ ಶತಮಾನ ಅಲ್ಲಿಯ ಕೆರೆಯ ಮೀನುಗಳಿಗೆ ಮಂಡಕ್ಕಿ ಹಾಕಿದವನು ನಾನು. ತಲೆಯೆತ್ತಿ ಆ ಗುಮ್ಮಟ ನೋಡಿದ್ದು ರಾಜಸ್ಥಾನದಿಂದ ಬಂದ ಮೇಲೆ! ಯಾರೂ ನಗಬೇಡಿ, ನಿಮ್ಮಲ್ಲಿ ಅರ್ಧ ಜನರ ಕಥೆಯೂ ಇದೇ. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಮುಂದಿನಿಂದಲೇ ತಡಿಯಂಡಮೋಳ್ ಬೆಟ್ಟ ಹತ್ತಲು ಹೋಗುತ್ತಾರೆ. ಅರಮನೆಯ ಮರದ ಕೆತ್ತನೆಯನ್ನು ಎಷ್ಟು ಜನ ನೋಡುತ್ತಾರೆ?

ಉದಯಪುರ, ಜೋಧಪುರಗಳ ಟಿಪ್ಪಣಿ ನಾಲ್ಕು ಪುಟ ತಂದಿದ್ದೆ. ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಎರಡೂ ಚೆನ್ನಾಗಿವೆ, ಸಾಕು.

ಜೈಸಲ್ಮೇರ್ ಮಾತ್ರ ಬಿಡಲಾರೆ. 1156ರ ಆ ಕೋಟೆಯೊಳಗೆ ಇವತ್ತಿಗೂ ಸಂಸಾರಗಳು ಬಾಳುತ್ತಿವೆ. ಒಗೆದ ಬಟ್ಟೆ, ಹಾಲಿನ ಪಾತ್ರೆ, ಸ್ಕೂಟರು ಎಲ್ಲವೂ ಅಲ್ಲಿವೆ. ಹಿಂಬದಿಗೆ ಹೋಗಿ ಎಂದೆನೆಂದು ಅಲ್ಲಿ ಅಡುಗೆಮನೆಗೆ ನುಗ್ಗಬೇಡಿ. ಕಳೆದ ವರ್ಷ ಇಲ್ಲಿಯ ಒಂದು ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ, ಬಂದ ಅತಿಥಿಗಳು ಚಪ್ಪಲಿ ಕಾಲಿನಲ್ಲಿ ಪವಿತ್ರ ದೀಪ ತೂಗುವ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಗೆ ನಡೆದು, ದೀಪದ ಕೆಳಗೆ ನಿಂತು ಸೆಲ್ಫಿ ತೆಗೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮನೆಯ ಹಿರಿಯರು ಏನೂ ಅನ್ನಲಿಲ್ಲ. ಅತಿಥಿಗಳು ಹೋದ ಮೇಲೆ ನೆಲ ಒರೆಸಿದರು.

ಹಾಂ, ಸ್ವೆಟರ್ ತೆಗೆದುಕೊಳ್ಳಿ. ಮರುಭೂಮಿಯ ರಾತ್ರಿ ನಮ್ಮ ಮಡಿಕೇರಿಗೂ ಸವಾಲು ಹಾಕುತ್ತದೆ. ಬಸ್ ಕಾದರೆ ಕಾಯಲಿ.