ಒಂದು ಬಿಲ್, ಹತ್ತು ಸಾಲು: ಪೋಸ್ಟ್‌ಗ್ರೆಸ್ ಟೇಬಲ್‌ನಲ್ಲಿರೋ ಜೆಸನ್ ಬಿಡಿಸೋದು ಹೇಗೆ

[ಪರದೆ: ಒಂದೇ ಟೇಬಲ್. ಹೆಸರು ಬಿಲ್. ನಾಲ್ಕು ಕಾಲಂ: ಐಡಿ, ಶಾಖೆ, ಸಮಯ, ವಿವರ]

ನಮಸ್ಕಾರ. ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲು ಇದೆ ಅಂದ್ಕೊಳ್ಳಿ. ಡೊಂಬಿವಲಿಯಲ್ಲಿ ಒಂದು ಶಾಖೆ, ಪುಣೆಯ ಕೋಥ್ರೂಡ್‌ನಲ್ಲಿ ಇನ್ನೊಂದು. ಮೂರೂ ಕಡೆ ಗಲ್ಲಾದ ಪಕ್ಕ ಬಿಲ್ಲಿಂಗ್ ಮೆಷಿನ್, ಮೂರೂ ಬೇರೆ ಬೇರೆ ವರ್ಷ ತಗೊಂಡಿದ್ದು. ಹರಿದ ಪ್ರತಿ ಬಿಲ್ಲೂ ಜೆಸನ್ ಆಗಿ, ಅಂದ್ರೆ ಕೀ (ಹೆಸರು) ಮತ್ತು ಅದರ ಬೆಲೆ (ವ್ಯಾಲ್ಯೂ) ಜೋಡಿಯಾಗಿರೋ ಪಠ್ಯವಾಗಿ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಈ ಒಂದೇ ಟೇಬಲ್‌ಗೆ ಬಂದು ಬೀಳತ್ತೆ. ಯಜಮಾನರು ಕೇಳೋದು ಇಷ್ಟೇ: ನಿನ್ನೆ ಎಷ್ಟು ಮಸಾಲೆ ದೋಸೆ ಹೋಯ್ತು?

[ಪರದೆ: ವಿವರ ಕಾಲಂನ ಒಂದು ಮಾದರಿ]
{"ಟೇಬಲ್": 7, "ಮೊತ್ತ": "260.00", "ಪಟ್ಟಿ": [
  {"ತಿಂಡಿ": "ಮಸಾಲೆ ದೋಸೆ", "ಎಣಿಕೆ": 2, "ದರ": "90.00"},
  {"ತಿಂಡಿ": "ಕಾಫಿ", "ಎಣಿಕೆ": 2, "ದರ": "40.00"}]}

ಟೇಬಲ್‌ನಲ್ಲಿ ಬಿಲ್ಲಿಗೊಂದು ಸಾಲು. ನಮಗೆ ಬೇಕಾಗಿರೋದು ತಿಂಡಿಗೊಂದು ಸಾಲು. ಇವತ್ತಿನ ಕೆಲಸ ಇದೇ. ವಿವರ ಕಾಲಂನ ಟೈಪ್ ಜೆಸನ್‌ಬಿ. ಪೋಸ್ಟ್‌ಗ್ರೆಸ್‌ಗೆ ಇದು ಬಂದಿದ್ದು 9.4ರಲ್ಲಿ, 2014ರ ಕೊನೆಗೆ; ಜೆಸನ್ನನ್ನು ಬೈನರಿ ರೂಪದಲ್ಲಿ ಇಡತ್ತೆ. ಕ್ವೆರಿಗಳನ್ನು ಬಾಯಲ್ಲಿ ಹೇಳೋ ಹಾಗೇ ಕನ್ನಡ ಅಕ್ಷರದಲ್ಲಿ ತೋರಿಸ್ತೀವಿ, ಕೀವರ್ಡ್‌ಗಳನ್ನು ನೀವು ಎಂದಿನ ಹಾಗೆ ಇಂಗ್ಲಿಷಿನಲ್ಲೇ ಟೈಪ್ ಮಾಡಿ. ಟೇಬಲ್, ಕಾಲಂ, ಕೀ ಹೆಸರು ಮಾತ್ರ ಕನ್ನಡದಲ್ಲಿ ಇಟ್ಟರೂ ಪೋಸ್ಟ್‌ಗ್ರೆಸ್ ತಕರಾರು ಮಾಡಲ್ಲ. ಒಂದೇ ತೊಡಕು: ಕಾಲಂ ಹೆಸರಿಗೆ 63 ಬೈಟ್ ಮಿತಿ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಗುಣಿತದ ಚಿಹ್ನೆಗೂ 3 ಬೈಟ್. 21 ಚಿಹ್ನೆ ದಾಟಿದರೆ ಹೆಸರಿನ ಬಾಲ ಕತ್ತರಿಸಿ ಹೋಗತ್ತೆ.

[ಪರದೆ: ಮೊದಲು ನೋಡಿ]

ಬಿಡಿಸೋಕೆ ಮುಂಚೆ ಒಳಗೆ ಏನೇನಿದೆ ಅಂತ ಎಣಿಸಬೇಕು. ಈ ಹೆಜ್ಜೆ ಬಿಟ್ಟವರೇ ಆಮೇಲೆ ರಾತ್ರಿ ಕೂತು ಲೆಕ್ಕ ಹುಡುಕೋದು.

ಸೆಲೆಕ್ಟ್ ಶಾಖೆ, ಜೆಸನ್‌ಬಿ_ಟೈಪ್‌ಆಫ್(ವಿವರ->'ಪಟ್ಟಿ'), ಕೌಂಟ್(*)
ಫ್ರಮ್ ಬಿಲ್ ಗ್ರೂಪ್ ಬೈ 1, 2;

ನಮ್ಮ ಮಾದರಿ ಡೇಟಾದಲ್ಲಿ ಮಾಟುಂಗಾದ್ದೆಲ್ಲ ಅರೇ, ಅಂದ್ರೆ ಚೌಕ ಬ್ರಾಕೆಟ್ ಒಳಗಿನ ಪಟ್ಟಿ. ಡೊಂಬಿವಲಿಯಲ್ಲಿ 18,650 ಅರೇ, 6,310 ಆಬ್ಜೆಕ್ಟ್. ಯಾಕೆ? ಗಿರಾಕಿ ಒಂದೇ ಐಟಂ ತಗೊಂಡರೆ ಆ ಮೆಷಿನ್ ಚೌಕ ಬ್ರಾಕೆಟ್ ಹಾಕದೆ ಬರೀ ಐಟಂ ಕಳಿಸತ್ತೆ. ಬರೀ ಕಾಫಿ ಕುಡಿದು ಹೋದವರೆಲ್ಲ ಈ 6,310ರಲ್ಲಿದ್ದಾರೆ. ಕೋಥ್ರೂಡ್‌ನಲ್ಲಿ 37 ಕಡೆ 'ನಲ್', ಅಂದ್ರೆ ಏನೂ ಇಲ್ಲ, ಅಂತ ಬಂದಿದೆ, 12 ಕಡೆ ಖಾಲಿ. ಇವೆರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಪಟ್ಟಿ ಅನ್ನೋ ಕೀ ಇದೆ, ಬೆಲೆ ಜೆಸನ್ನಿನ ನಲ್. ಎರಡನೆಯದರಲ್ಲಿ ಕೀಯೇ ಇಲ್ಲ. ಒಂಟಿ ಬಾಣ -> ಹಾಕಿ 'ಈಸ್ ನಲ್' ಕೇಳಿದರೆ ಆ 37 ಸಿಗೋದೇ ಇಲ್ಲ, ಯಾಕಂದ್ರೆ ಜೆಸನ್ನಿನ ನಲ್ ಎಸ್‌ಕ್ಯುಎಲ್‌ಗೆ ಒಂದು ಬೆಲೆಯೇ. ಜೋಡಿ ಬಾಣ ->> ಹಾಕಿದರೆ ಎರಡೂ ಸಿಗತ್ತೆ.

ಕೀಗಳನ್ನೂ ಎಣಿಸಿ. ಜೆಸನ್‌ಬಿ_ಆಬ್ಜೆಕ್ಟ್_ಕೀಸ್ ಅಂತ ಫಂಕ್ಷನ್ ಇದೆ, ಅದರ ಮೇಲೆ ಗ್ರೂಪ್ ಬೈ.

[ಪರದೆ: ಫಲಿತಾಂಶದಲ್ಲಿ 'ಪಾರ್ಸೆಲ್' ಎರಡು ಸಲ]

ಕಣ್ಣಿಗೆ ಎರಡೂ 'ಪಾರ್ಸೆಲ್'. ಆಕ್ಟೆಟ್_ಲೆಂತ್ ಹಾಕಿ ನೋಡಿ: ಒಂದು 24 ಬೈಟ್, ಇನ್ನೊಂದು 27. ಹೆಚ್ಚಿನ 3 ಬೈಟ್ ಕೊನೆಯ 'ಲ್' ಪಕ್ಕ ಕೂತಿರೋ ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯಿನರ್. ಕನ್ನಡ ಟೈಪ್ ಮಾಡುವಾಗ ಅರ್ಧಾಕ್ಷರದ ಹಿಂದೆ ಸೇರಿಕೊಂಡು ಬರೋ ಗಿರಾಕಿ ಇದು. ಡೇಟಾಬೇಸ್‌ಗೆ ಇವು ಎರಡು ಬೇರೆ ಕೀ. ಪಾರ್ಸೆಲ್ ಚಾರ್ಜು ತೆಗೆಯುವಾಗ ಎರಡನ್ನೂ ಕೋಅಲೆಸ್ ಒಳಗೆ ಕೊಡಿ, ನಲ್ ಅಲ್ಲದ ಮೊದಲನೆಯದನ್ನು ಅದು ಕೊಡತ್ತೆ.

[ಪರದೆ: ಬಿಡಿಸೋದು]

ಎಲ್ಲರೂ ಮೊದಲು ಬರೆಯೋದು ಹೀಗೆ (ಲ್ಯಾಟರಲ್ ಅಂದ್ರೆ ಎಡಗಡೆಯ ಪ್ರತಿ ಸಾಲಿಗೂ ಬಲಗಡೆಯ ಫಂಕ್ಷನ್ ಒಮ್ಮೆ ಓಡತ್ತೆ):

ಸೆಲೆಕ್ಟ್ ಬಿ.ಐಡಿ, ಸಾಲು.ಐಟಂ
ಫ್ರಮ್ ಬಿಲ್ ಬಿ
ಕ್ರಾಸ್ ಜಾಯಿನ್ ಲ್ಯಾಟರಲ್ ಜೆಸನ್‌ಬಿ_ಅರೇ_ಎಲಿಮೆಂಟ್ಸ್(ಬಿ.ವಿವರ->'ಪಟ್ಟಿ') ಆಸ್ ಸಾಲು(ಐಟಂ);

ಡೊಂಬಿವಲಿಯ ಆಬ್ಜೆಕ್ಟ್ ಎದುರಾದ ತಕ್ಷಣ ಎರರ್. ಜೆಸನ್ನಿನ ನಲ್ ಎದುರಾದರೂ ಎರರ್. ಅದು ಒಳ್ಳೇದೇ, ಗೊತ್ತಾಗತ್ತಲ್ಲ. ಕೀಯೇ ಇಲ್ಲದ 12 ಬಿಲ್ಲು, ಕ್ಯಾನ್ಸಲ್ ಆಗಿ ಖಾಲಿ ಅರೇ ಉಳಿದ ಬಿಲ್ಲು: ಇವು ಒಂದು ಮಾತೂ ಆಡದೆ ಫಲಿತಾಂಶದಿಂದ ಮಾಯ. ಕ್ರಾಸ್ ಜಾಯಿನ್‌ನಲ್ಲಿ ಬಲಗಡೆ ಸೊನ್ನೆ ಸಾಲು ಬಂದರೆ ಎಡಗಡೆಯ ಬಿಲ್ಲೂ ಹೋಯ್ತು. ಅದಕ್ಕೇ ಲೆಫ್ಟ್ ಜಾಯಿನ್:

ಲೆಫ್ಟ್ ಜಾಯಿನ್ ಲ್ಯಾಟರಲ್ ಜೆಸನ್‌ಬಿ_ಅರೇ_ಎಲಿಮೆಂಟ್ಸ್(
  ಕೇಸ್ ಜೆಸನ್‌ಬಿ_ಟೈಪ್‌ಆಫ್(ಬಿ.ವಿವರ->'ಪಟ್ಟಿ')
    ವೆನ್ 'ಅರೇ' ದೆನ್ ಬಿ.ವಿವರ->'ಪಟ್ಟಿ'
    ವೆನ್ 'ಆಬ್ಜೆಕ್ಟ್' ದೆನ್ ಜೆಸನ್‌ಬಿ_ಬಿಲ್ಡ್_ಅರೇ(ಬಿ.ವಿವರ->'ಪಟ್ಟಿ')
  ಎಂಡ್
) ವಿತ್ ಆರ್ಡಿನಾಲಿಟಿ ಆಸ್ ಸಾಲು(ಐಟಂ, ಕ್ರಮ) ಆನ್ ಟ್ರೂ

ಒಂಟಿ ಆಬ್ಜೆಕ್ಟನ್ನು ಬಿಲ್ಡ್_ಅರೇ ಒಂದು ಐಟಂನ ಅರೇ ಮಾಡತ್ತೆ. ಉಳಿದದ್ದಕ್ಕೆಲ್ಲ ಕೇಸ್‌ನಿಂದ ನಲ್ ಬರತ್ತೆ, ಬಿಲ್ ಐಡಿ ಮಾತ್ರ ಉಳಿಯತ್ತೆ. ಟೈಪ್ ಪರೀಕ್ಷೆಯನ್ನು ವೇರ್‌ನಲ್ಲಿ ಬರೆದರೆ ಸಾಲದಾ ಅಂತ ಕೇಳಬಹುದು. ವೇರ್‌ನ ಷರತ್ತು ಫಂಕ್ಷನ್‌ಗಿಂತ ಮೊದಲೇ ಓಡತ್ತೆ ಅನ್ನೋ ಭರವಸೆ ಇಲ್ಲ, ಆ ಕ್ರಮ, ಕ್ವೆರಿ ಹೇಗೆ ಓಡಿಸಬೇಕು ಅಂತ ತೀರ್ಮಾನಿಸೋ ಪ್ಲ್ಯಾನರ್ ಕೈಯಲ್ಲಿದೆ. ಕೇಸ್ ಫಂಕ್ಷನ್ನಿನ ಒಳಗೇ ಕೂತಿರೋದರಿಂದ ಆ ಗೊಂದಲ ಇಲ್ಲ. ವಿತ್ ಆರ್ಡಿನಾಲಿಟಿ ಕೊಡೋ ಕ್ರಮಸಂಖ್ಯೆಯನ್ನು ಬಿಸಾಡಬೇಡಿ, ಮುಂದೆ ಪ್ರೈಮರಿ ಕೀಗೆ (ಪ್ರತಿ ಸಾಲನ್ನೂ ಬೇರೆ ಮಾಡಿ ಗುರುತಿಸೋ ಕಾಲಂಗಳಿಗೆ) ಬೇಕು.

ಪೋಸ್ಟ್‌ಗ್ರೆಸ್ 17, ಅಂದ್ರೆ 2024ರದ್ದು ಇದ್ದರೆ ಜೆಸನ್ನನ್ನು ನೇರವಾಗಿ ಸಾಲು-ಕಾಲಂ ಮಾಡೋ ಜೆಸನ್_ಟೇಬಲ್ ಇದೆ. ಮೈಎಸ್‌ಕ್ಯುಎಲ್‌ನಲ್ಲಿ 8.0ರಿಂದಲೇ ಇದೆ. ಕಾಲಂ, ಟೈಪ್, ದಾರಿ ಎಲ್ಲ ಒಂದೇ ಕಡೆ ಬರೆಯಬಹುದು, ಪೋಸ್ಟ್‌ಗ್ರೆಸ್‌ನ ಲ್ಯಾಕ್ಸ್ (ಸಡಿಲ) ಮೋಡ್ ಡೊಂಬಿವಲಿಯ ಒಂಟಿ ಆಬ್ಜೆಕ್ಟನ್ನು ತಾನೇ ಅರೇ ಅಂತ ತಿಳ್ಕೊಳ್ಳತ್ತೆ. ಆದರೆ ಕಾಲಂನ ಟೈಪ್ ಹೊಂದದಿದ್ದರೆ ಎರರ್ ಕೊಡದೆ ನಲ್ ತುಂಬೋದು ಅದರ ಡಿಫಾಲ್ಟ್. ದುಡ್ಡಿನ ಕಾಲಂಗೆ 'ಎರರ್ ಆನ್ ಎರರ್' ಅಂತ ನೀವೇ ಬರೀಬೇಕು. ನಮಗಂತೂ ಈ ಡಿಫಾಲ್ಟ್ ಇಷ್ಟವಿಲ್ಲ.

ಇನ್ನೊಂದು ಗುಂಡಿ. ಕೆಲವು ಬಿಲ್ಲಲ್ಲಿ 'ಪಾವತಿ' ಅಂತ ಎರಡನೇ ಅರೇ ಇದೆ: 200 ಕ್ಯಾಶ್, 60 ಯುಪಿಐ. ಅದನ್ನೂ ಇದೇ ಕ್ವೆರಿಯಲ್ಲಿ ಲ್ಯಾಟರಲ್ ಮಾಡಿದರೆ 2 ತಿಂಡಿ ಗುಣಿಲೆ 2 ಪಾವತಿ, 4 ಸಾಲು. 260 ರೂಪಾಯಿ ಬಿಲ್ಲು 520 ಆಗಿ ಕೂಡತ್ತೆ. ಪಾವತಿಗೆ ಬೇರೆ ಟೇಬಲ್, ಬೇರೆ ಕ್ವೆರಿ.

[ಪರದೆ: ಅಕ್ಷರದಿಂದ ಅಂಕಿಗೆ]

->> ಕೊಡೋದು ಯಾವಾಗಲೂ ಟೆಕ್ಸ್ಟ್. ದರವನ್ನು ನ್ಯುಮೆರಿಕ್(10,2) ಮಾಡಿ. ಫ್ಲೋಟ್ ಬೇಡ, ಪೈಸೆ ಜಾರತ್ತೆ. ಈ ಟೈಪ್ ಬದಲಾವಣೆ, ಅಂದ್ರೆ ಕ್ಯಾಸ್ಟ್, ಎಲ್ಲಿ ಮುರಿಯತ್ತೆ? ಕೇಟರಿಂಗ್ ಬಿಲ್ಲಿನ "1,250.00"ರ ಅಲ್ಪವಿರಾಮದಲ್ಲಿ, ಖಾಲಿ ಸ್ಟ್ರಿಂಗ್‌ನಲ್ಲಿ, ಮತ್ತು ಮಹಾರಾಷ್ಟ್ರದಲ್ಲಿ ಇರೋರು ಇದನ್ನ ಗಮನಿಸಿ, ಮರಾಠಿ ಕೀಬೋರ್ಡ್‌ನಲ್ಲಿ ಒತ್ತಿದ ದೇವನಾಗರಿ ಅಂಕಿಗಳಲ್ಲಿ. ಪೋಸ್ಟ್‌ಗ್ರೆಸ್‌ನ ಕ್ಯಾಸ್ಟ್ ಆ ಅಂಕಿಗಳನ್ನು ಒಪ್ಪಲ್ಲ, ಕನ್ನಡದ ಅಂಕಿಗಳನ್ನೂ ಅಷ್ಟೇ. ಟ್ರಾನ್ಸ್‌ಲೇಟ್ ಫಂಕ್ಷನ್‌ಗೆ ಹತ್ತು ದೇವನಾಗರಿ ಅಂಕಿ, ಎದುರಿಗೆ 0123456789 ಕೊಡಿ. ಆಮೇಲೆ ರಿಪ್ಲೇಸ್‌ನಿಂದ ಅಲ್ಪವಿರಾಮ ತೆಗೆಯಿರಿ. ಕೊನೆಗೆ ನಲ್‌ಇಫ್‌ನಿಂದ ಖಾಲಿಯನ್ನು ನಲ್ ಮಾಡಿ. ಪೋಸ್ಟ್‌ಗ್ರೆಸ್ 16ರಿಂದ ಪಿಜಿ_ಇನ್‌ಪುಟ್_ಈಸ್_ವ್ಯಾಲಿಡ್ ಇದೆ: ಕ್ಯಾಸ್ಟ್ ಮಾಡದೆ, ಆಗತ್ತಾ ಇಲ್ಲವಾ ಅಂತ ಮಾತ್ರ ಹೇಳತ್ತೆ. ಆಗದ್ದನ್ನೆಲ್ಲ 'ತಕರಾರು' ಅನ್ನೋ ಟೇಬಲ್‌ಗೆ ಬಿಲ್ ಐಡಿ ಸಮೇತ ತಳ್ಳಿ. ಸೊನ್ನೆ ಅಂತ ತುಂಬಬೇಡಿ.

ತಾರೀಖು ಇನ್ನೂ ಕೆಟ್ಟದ್ದು. ಡೇಟ್‌ಸ್ಟೈಲ್ ಅನ್ನೋ ಸೆಟ್ಟಿಂಗ್ ತಿಂಗಳು ಮೊದಲು ಅಂತ ಇದ್ದರೆ "13/06/2024" ಎರರ್ ಕೊಡತ್ತೆ, ಆದರೆ "05/06/2024" ನಗುತ್ತಾ ಮೇ 6 ಆಗಿ ಕೂರತ್ತೆ. ಟು_ಡೇಟ್‌ಗೆ 'ಡಿಡಿ/ಎಂಎಂ/ವೈವೈವೈವೈ' ಅಂತ ಬಿಡಿಸಿ ಹೇಳಿ.

[ಪರದೆ: ಗಡಿಯಾರ, ಬೆಳಿಗ್ಗೆ 5:15]

ಈಗ 'ನಿನ್ನೆ' ಅಂದ್ರೆ ಯಾವುದು? ಸರ್ವರ್ ಯುಟಿಸಿಯಲ್ಲಿದ್ದರೆ, ಅಂದ್ರೆ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿದ್ದರೆ, ಬೆಳಿಗ್ಗೆ 5:15ರ ಕಾಫಿ ಅಲ್ಲಿ ಹಿಂದಿನ ದಿನ ರಾತ್ರಿ 11:45. ಐದಕ್ಕೇ ಬಾಗಿಲು ತೆಗೆಯೋ ಹೋಟೆಲ್‌ನಲ್ಲಿ ಐದೂವರೆವರೆಗಿನ ವ್ಯಾಪಾರವೆಲ್ಲ ಮುಂಚಿನ ದಿನದ ಲೆಕ್ಕಕ್ಕೆ ಹೋಗತ್ತೆ. ಸಮಯ ಕಾಲಂ ಟೈಮ್‌ಸ್ಟ್ಯಾಂಪ್‌ಟಿಝಡ್ (ಟೈಮ್ ಝೋನ್ ಗೊತ್ತಿರೋ ಸಮಯದ ಟೈಪ್) ಆಗಿದ್ದರೆ, 'ಅಟ್ ಟೈಮ್ ಝೋನ್ ಏಷ್ಯಾ/ಕೋಲ್ಕತ್ತಾ' ಹಾಕಿ ಆಮೇಲೆ ಡೇಟ್ ಮಾಡಿ.

[ಪರದೆ: ಹೊಸ ಟೇಬಲ್ ಬಿಲ್_ಸಾಲು]

ಬಿಲ್_ಐಡಿ ಮತ್ತು ಕ್ರಮ ಸೇರಿ ಪ್ರೈಮರಿ ಕೀ. ಕ್ರಮ ನಲ್ ಆಗಿರೋ ಬಿಲ್ಲು ತಕರಾರು ಟೇಬಲ್‌ಗೆ, ಉಳಿದದ್ದು ಇಲ್ಲಿಗೆ. ಐಡಿ ಲೆಕ್ಕದಲ್ಲಿ 5,000 ಬಿಲ್ಲಿನ ಕಂತು, ಪ್ರತಿ ಕಂತಿಗೂ ಕಮಿಟ್. 'ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್' ಇದ್ದರೆ ಮಧ್ಯದಲ್ಲಿ ನಿಂತರೂ ಮತ್ತೆ ಓಡಿಸಬಹುದು. ಮುಗಿದ ಮೇಲೆ, ಪ್ಲ್ಯಾನರ್ ನೋಡೋ ಅಂಕಿಅಂಶ ಹೊಸದಾಗಲಿ ಅಂತ, ಅನಲೈಝ್.

ಹಳೆ ವಿವರ ಕಾಲಂ ಮುಟ್ಟಬೇಡಿ. ತಪ್ಪು ಸರಿಮಾಡೋಕೆ ಜೆಸನ್‌ಬಿ_ಸೆಟ್ ಬಳಸೋ ಆಸೆ ಬರತ್ತೆ. ಅದಕ್ಕೆ ಕೊಡೋ ಹೊಸ ಬೆಲೆ ಎಸ್‌ಕ್ಯುಎಲ್ ನಲ್ ಆಗಿದ್ದರೆ ಆ ಒಂದು ಕೀ ಅಷ್ಟೇ ಅಲ್ಲ, ಇಡೀ ಜೆಸನ್ನೇ ನಲ್ ಆಗಿ ವಾಪಸ್ ಬರತ್ತೆ. ಅಪ್‌ಡೇಟ್ ಹೊಡೆದಿರಿ ಅಂದ್ರೆ ಆ ಬಿಲ್ಲು ಖಲಾಸ್. ಅಲ್ಲದೆ ಒಂದು ಕೀ ಬದಲಿಸಿದರೂ ಇಡೀ ಡಾಕ್ಯುಮೆಂಟ್ ಹೊಸದಾಗಿ ಬರೆಯಲ್ಪಡತ್ತೆ.

ಒಂದೇ ಕೀ ಹುಡುಕೋದಷ್ಟೇ ಕೆಲಸ, ಉದಾಹರಣೆಗೆ ಟೇಬಲ್ ನಂಬರು, ಅಂತಾದರೆ ಹೊಸ ಟೇಬಲ್ಲೇ ಬೇಡ: (ವಿವರ->>'ಟೇಬಲ್') ಮೇಲೆ ಒಂದು ಇಂಡೆಕ್ಸ್ ಸಾಕು. ಸ್ಟೋರ್ಡ್ ಜನರೇಟೆಡ್ ಕಾಲಂ ಕೂಡ ಆಗತ್ತೆ, ಆದರೆ ಸೇರಿಸುವಾಗ ಪೂರ್ತಿ ಟೇಬಲ್ ಮತ್ತೆ ಬರೆಯತ್ತೆ, ಅಷ್ಟು ಹೊತ್ತೂ ಬೀಗ. ಮಧ್ಯಾಹ್ನ ಊಟದ ಹೊತ್ತಿಗೆ ಬೇಡ.

[ಪರದೆ: ತಾಳೆ ನೋಡೋದು]

ಬಿಲ್_ಸಾಲು ಟೇಬಲ್‌ನ ಬಿಡಿ ಬಿಡಿ ಬಿಲ್ ಐಡಿಗಳು ಪ್ಲಸ್ ತಕರಾರಿನಲ್ಲಿ ಮಾತ್ರ ಇರೋವು: ಇದು ಮೂಲ ಟೇಬಲ್‌ನ ಎಣಿಕೆಗೆ ಸರಿಯಾಗಿ ಕೂತ್ಕೊಬೇಕು, ಒಂದೂ ಆಚೀಚೆ ಆಗಬಾರದು. ಆಮೇಲೆ ಪ್ರತಿ ಬಿಲ್ಲಿಗೂ ಎಣಿಕೆ ಗುಣಿಲೆ ದರ, ಅದರ ಮೊತ್ತಕ್ಕೆ ಪಾರ್ಸೆಲ್ ಕೂಡಿಸಿ, ಜೆಸನ್ನಲ್ಲಿರೋ 'ಮೊತ್ತ'ದ ಜೊತೆ ಹೋಲಿಸಿ. ಎಲ್ಲ ವ್ಯತ್ಯಾಸ ಒಂದೇ ಶಾಖೆಯದ್ದಾದರೆ ಆ ಮೆಷಿನ್ ಕಳಿಸೋ ರೂಪ ಇನ್ನೊಮ್ಮೆ ನೋಡಿ.

ಈಗ ಯಜಮಾನರ ಪ್ರಶ್ನೆ. ತಿಂಡಿ ಮೇಲೆ ಗ್ರೂಪ್ ಬೈ, ಎಣಿಕೆಯ ಸಮ್.

[ಪರದೆ: ಮಸಾಲೆ ದೋಸೆ 212 | ಮಸಾಲೆ ದೋಸೆ 31 | ಮಸಾಲಾ ಡೋಸಾ 58]

ಮೊದಲೆರಡು ಸಾಲು ಒಂದೇ ಥರ ಕಾಣತ್ತೆ. ಆಕ್ಟೆಟ್_ಲೆಂತ್: 28 ಮತ್ತು 34. 'ದೋ' ಅನ್ನೋ ಅಕ್ಷರದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೀಬಹುದು, ಎತ್ವ, ಊತ್ವದ ಕೊಂಬು, ದೀರ್ಘ ಅಂತ ಮೂರು ಚಿಹ್ನೆಯಾಗಿಯೂ ಬರೀಬಹುದು. ಎರಡು ಚಿಹ್ನೆ ಹೆಚ್ಚು, 6 ಬೈಟ್ ಹೆಚ್ಚು. ಪೋಸ್ಟ್‌ಗ್ರೆಸ್ 13ರಿಂದ ಇರೋ ನಾರ್ಮಲೈಝ್(ತಿಂಡಿ, ಎನ್‌ಎಫ್‌ಸಿ) ಇವೆರಡನ್ನೂ ಒಂದು ಮಾಡತ್ತೆ: 243. ಪಾರ್ಸೆಲ್‌ನ ಕಾಣದ ಅಕ್ಷರವನ್ನು ಮಾತ್ರ ಅದು ಮುಟ್ಟಲ್ಲ, ಅದಕ್ಕೆ ರಿಪ್ಲೇಸೇ ಬೇಕು.

ಕೋಥ್ರೂಡ್‌ನ 'ಮಸಾಲಾ ಡೋಸಾ' ಯಾವ ಫಂಕ್ಷನ್ನಿಗೂ ಬಗ್ಗಲ್ಲ. ಬಂದ ಹೆಸರು, ನಮ್ಮ ಹೆಸರು ಅಂತ ಎರಡು ಕಾಲಂನ ಸಣ್ಣ ಟೇಬಲ್ ಮಾಡಿ ಜಾಯಿನ್ ಮಾಡಿ. ಅಲ್ಲೂ ಲೆಫ್ಟ್ ಜಾಯಿನ್ನೇ ಹಾಕಿ, ನಾಳೆ ಯಾರೋ 'ಎಂ.ಡೋಸಾ' ಅಂತ ಒತ್ತಿದರೂ ಸಾಲು ಉಳಿಯತ್ತೆ. ಒಟ್ಟು 301.