ಬಂದೂಕು ಮನೆಯಲ್ಲಿಡುವುದು ಬೇರೆ, ಸೊಂಟಕ್ಕೆ ಸಿಗಿಸಿ ತಿರುಗುವುದು ಬೇರೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ವಕೀಲರು, ಗಂಜಿನ ಅಡತಿ ವ್ಯಾಪಾರಿಗಳು, ಆಳಂದ, ಅಫಜಲಪುರ ಕಡೆಯ ರೈತರು, ಎಲ್ಲರೂ ಬಂದಿದ್ದೀರಿ. ನೇರವಾಗಿ ವಿಷಯಕ್ಕೇ ಬರುತ್ತೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ ತೆಗೆದು ನೋಡಿ. ಬಂದೂಕು ಪಡೆಯುವುದು, ಇಟ್ಟುಕೊಳ್ಳುವುದು, ಜೊತೆಗೆ ಒಯ್ಯುವುದು, ಮೂರನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಲೈಸೆನ್ಸ್ ಬೇಕು ಎನ್ನುತ್ತದೆ. ನನ್ನ ತಕರಾರು ಇಲ್ಲೇ ಇದೆ. ಆತ್ಮರಕ್ಷಣೆಗೆ ಅಂತ ಲೈಸೆನ್ಸ್ ಸಿಕ್ಕರೆ ಮನೆಯಲ್ಲಿ ಇಡುವುದಕ್ಕೂ ಅದೇ, ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಸೊಂಟಕ್ಕೆ ಸಿಗಿಸಿಕೊಂಡು ಓಡಾಡುವುದಕ್ಕೂ ಅದೇ. ಎರಡೂ ಒಂದೇ ಹೇಗಾಗುತ್ತದೆ? ಊರ ಹೊರಗೆ ಹೊಲದ ಮನೆಯಲ್ಲಿ ಒಂಟಿಯಾಗಿರುವವರು ಬಾಗಿಲ ಹಿಂದೆ ಬಂದೂಕು ಇಟ್ಟುಕೊಂಡರೆ ದಾರಿಹೋಕರಿಗೆ ಅದರಿಂದ ಭಯವಿಲ್ಲ. ಅದೇ ಬಂದೂಕು ಮದುವೆ ಬರಾತಿಗೆ ಬಂತು ಅಂದ್ರೆ ಕುಣಿಯುವ ಮಕ್ಕಳೂ ಅಪಾಯದಲ್ಲಿ ಇದ್ದ ಹಾಗೆ.

2019ರಲ್ಲಿ ತಿದ್ದುಪಡಿ ಆಯಿತು. ಒಬ್ಬರ ಹತ್ತಿರ 3 ಬಂದೂಕು ಇರಬಹುದಿತ್ತು, ಅದನ್ನು 2ಕ್ಕೆ ಇಳಿಸಿದರು. ಲೈಸೆನ್ಸ್ ಅವಧಿ 3 ವರ್ಷ ಇದ್ದದ್ದು 5 ಆಯಿತು. ಸಂಭ್ರಮಕ್ಕೆ ಅಂತ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಜನರ ಜೀವಕ್ಕೆ ಕುತ್ತು ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಳ್ಳೆಯದೇ. ಆದರೆ ಈ ಶಿಕ್ಷೆ ಗುಂಡು ಹಾರಿದ ಮೇಲೆ. ಬಂದೂಕು ಪೆಂಡಾಲಿನ ತನಕ ಬರದಂತೆ ತಡೆಯಬೇಕು, ಅಲ್ವಾ?

ಬೀದರಿನ ಮಾತು ತೆಗೆಯದೆ ಮುಂದೆ ಹೋಗಲಾರೆ. 2025ರ ಜನವರಿ 16, ಹಾಡುಹಗಲು, ಬೈಕಿನಲ್ಲಿ ಬಂದ ಇಬ್ಬರು ಎಟಿಎಂಗೆ ಹಣ ಒಯ್ಯುತ್ತಿದ್ದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತೊಯ್ದರು. ದುಡಿಯಲು ಬಂದ ಒಬ್ಬರು ಜೀವ ಕಳೆದುಕೊಂಡರು. ಇಂಥದ್ದು ಆದಾಗಲೆಲ್ಲ "ನಮಗೂ ಪಿಸ್ತೂಲು ಕೊಡ್ರಿ" ಅನ್ನುವ ಮಾತು ಬರುತ್ತದೆ. ಆ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಜನ ತುಂಬಿದ ರಸ್ತೆಯಲ್ಲಿ, ಕೈ ನಡುಗುವಾಗ, ಗುರಿ ಹಿಡಿದು ಅಭ್ಯಾಸವೇ ಇಲ್ಲದವರು ತಿರುಗಿ ಗುಂಡು ಹಾರಿಸಿದರೆ ಅದು ಯಾರಿಗೆ ಬಡಿಯುತ್ತದೆ? ಸುಮ್ನೆ ಧೈರ್ಯದ ಮಾತಾಡಿ ಪ್ರಯೋಜನವಿಲ್ಲ.

ಅದಕ್ಕೇ ನಾನು ಕೇಳುವುದು ಇಷ್ಟು. ಇಟ್ಟುಕೊಳ್ಳುವ ಲೈಸೆನ್ಸ್ ಒಂದು, ಒಯ್ಯುವ ಪರವಾನಗಿ ಇನ್ನೊಂದು ಅಂತ ಕಾಯ್ದೆಯಲ್ಲೇ ಬೇರೆ ಮಾಡಿ. ಒಯ್ಯಬೇಕು ಎನ್ನುವವರು ಕಾರಣ ಹೇಳಲಿ, ಪ್ರತಿ ವರ್ಷ ಗುರಿ ಪರೀಕ್ಷೆ ಕೊಡಲಿ. ಮದುವೆ, ಜಾತ್ರೆ, ಉರುಸು, ರಾಜಕೀಯ ಸಭೆಗೆ ಯಾರೂ ತರುವಂತಿಲ್ಲ ಅಂತ ಕಾಯ್ದೆಯಲ್ಲೇ ಬರೆಯಿರಿ. ಹಣ ಸಾಗಿಸುವುದೇ ಕೆಲಸವಾಗಿರುವ ಕಾವಲುಗಾರರಿಗೆ ಮಾತ್ರ ಬೇಗ ಕೊಡಿ, ಕೆಲಸದ ಹೊತ್ತಿಗಷ್ಟೇ ಕೊಡಿ. ಬೀದರಿನಿಂದ ಜಹೀರಾಬಾದಿಗೆ ಹೋದರೆ ರಾಜ್ಯವೇ ಬದಲು, ಉದಗೀರಕ್ಕೆ ಹೋದರೂ ಅಷ್ಟೇ. ಅಂಥವರ ಪರವಾನಗಿಯಲ್ಲಿ ಅವರು ಹೋಗುವ ದಾರಿಯನ್ನೇ ನಮೂದಿಸಲಿ. ರೈತರ ಮಾತು ಬೇರೆ. ಬೆಳೆ ಕಾಯಲು ಮದ್ದು ತುಂಬುವ ಬಂದೂಕಿಗೆ 13ನೇ ಕಲಂನಲ್ಲಿ ಈಗಲೇ ದಾರಿಯಿದೆ, ಅದನ್ನು ಮುಟ್ಟಬೇಡಿ.

ಕಂಟ್ರಿ ಪಿಸ್ತೂಲಿಗೆ ಇದರಿಂದ ಏನಾಗುತ್ತದೆ ಅಂತ ಕೇಳುತ್ತೀರಿ. ಏನೂ ಆಗುವುದಿಲ್ಲ. ಅದನ್ನು ಕದ್ದುಮುಚ್ಚಿ ತಯಾರಿಸಿದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಶಿಕ್ಷೆ ಈಗಾಗಲೇ ಇದೆ. ಅಲ್ಲಿ ಬೇಕಿರುವುದು ಪೊಲೀಸ್ ಕೆಲಸ, ಹೊಸ ಕಲಂ ಅಲ್ಲ.

ಶಸ್ತ್ರಾಸ್ತ್ರ ಕೇಂದ್ರದ ಪಟ್ಟಿಯಲ್ಲಿರುವ ವಿಷಯ. ವಿಧಾನಸೌಧಕ್ಕೆ ಅರ್ಜಿ ಹಾಕಿದರೆ ಸಾಲದು, ಸಂಸತ್ತಿಗೇ ಹೋಗಬೇಕು. ತಿದ್ದುಪಡಿಯ ಕರಡು ಬಾಗಿಲ ಹತ್ತಿರದ ಮೇಜಿನ ಮೇಲಿದೆ. ವಕೀಲರು ಓದಿ ತಪ್ಪಿದ್ದಲ್ಲಿ ಗುರುತು ಹಾಕಿ, ಉಳಿದವರು ಒಪ್ಪಿಗೆಯಾದರೆ ಸಹಿ ಮಾಡಿ, ನಮ್ಮ ಸಂಸದರಿಗೆ ಕೊಡೋಣ.